ಎಂಆರ್‌ಐನಲ್ಲಿ 2 ಬಂದಿದೆ, ಬಯಾಪ್ಸಿ ಬೇಕಾ?

ಪ್ರಶ್ನೆ: ನಮ್ಮಪ್ಪಾರಿಗೆ 68 ವರ್ಷ. ಸಿಂದಗಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಪಿಎಸ್‌ಎ 7.2 ಬಂತು. ವಿಜಯಪುರಕ್ಕೆ ಹೋಗಿ ಪ್ರಾಸ್ಟೇಟ್ ಎಂಆರ್‌ಐ ಮಾಡಿಸಿದೆವು. ಪೈ-ರ್‍ಯಾಡ್ಸ್ 2, ಗ್ರಂಥಿಯ ಗಾತ್ರ 72 ಮಿಲಿ ಅಂತ ಬರೆದಿದ್ದಾರೆ. ಡಾಕ್ಟರು ಸದ್ಯಕ್ಕೆ ಬಯಾಪ್ಸಿ ಬೇಡ ಅಂದರು. ಕಾಕಾ ಮಾತ್ರ ‘ಒಮ್ಮೆ ಮಾಡಿಸಿ ಬಿಡ್ರಿ, ನೆಮ್ಮದಿ’ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ನೀವು ಬರೆದ ಅಂಕಿಗಳನ್ನು ನೋಡಿದರೆ, ಡಾಕ್ಟರ ಮಾತು.

ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುತ್ತದೆ) ತಯಾರಿಸುವ ಒಂದು ಪ್ರೋಟೀನ್. ರಕ್ತದಲ್ಲಿ ಅದು ಜಾಸ್ತಿಯಾದರೆ ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ ಬರುತ್ತದೆ. ಆದರೆ ವಯಸ್ಸಾದಂತೆ ಪ್ರಾಸ್ಟೇಟ್ ಊದುತ್ತದೆ, ಊದಿದಷ್ಟೂ ಪಿಎಸ್‌ಎ ಏರುತ್ತದೆ. ಮೂತ್ರದ ಸೋಂಕಿದ್ದರೂ ಏರುತ್ತದೆ. ಅದಕ್ಕೇ ಪಿಎಸ್‌ಎಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿ ನೋಡುತ್ತಾರೆ. 7.2ನ್ನು 72ರಿಂದ ಭಾಗಿಸಿ: 0.10. ಇದು 0.15ಕ್ಕಿಂತ ಕಡಿಮೆ ಇದ್ದು, ಎಂಆರ್‌ಐ ಅಂಕ 1 ಅಥವಾ 2 ಆಗಿದ್ದರೆ, ಸಾಮಾನ್ಯವಾಗಿ ಬಯಾಪ್ಸಿ ಮಾಡದೆ, ಅಂದರೆ ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆಯದೆ, ಕಾಯುತ್ತಾರೆ. ಅಣ್ಣತಮ್ಮಂದಿರಿಗೆ ಈ ಕ್ಯಾನ್ಸರ್ ಬಂದಿದ್ದರೆ, ಅಥವಾ ಡಾಕ್ಟರು ಗುದದ್ವಾರದಲ್ಲಿ ಬೆರಳಿಟ್ಟು ನೋಡಿದಾಗ ಪ್ರಾಸ್ಟೇಟಿನಲ್ಲಿ ಗಂಟು ಸಿಕ್ಕಿದ್ದರೆ ಲೆಕ್ಕವೇ ಬೇರೆ.

ಇನ್ನು ಎಂಆರ್‌ಐ ರಿಪೋರ್ಟಿನ ಆ ಪೈ-ರ್‍ಯಾಡ್ಸ್ 2. ಅದು ಅನುಮಾನದ ಅಂಕ, ಸ್ಟೇಜ್ ಅಲ್ಲ. 1 ಅಂದರೆ ಅನುಮಾನ ತೀರಾ ಕಡಿಮೆ, 5 ಅಂದರೆ ತೀರಾ ಜಾಸ್ತಿ. ‘4’ ಅಂತ ಓದಿ ನಾಲ್ಕನೇ ಸ್ಟೇಜ್ ಅಂತ ಮನೆಯವರೆಲ್ಲ ಅಳುತ್ತಾ ಕೂರುವುದುಂಟು. ರಿಪೋರ್ಟಿನಲ್ಲೇ ಒಂದು ಸಾಲು ಕನ್ನಡದಲ್ಲಿ ಬರೆದರೆ ಏನಾಗುತ್ತದೋ!

ಎಂಆರ್‌ಐ ಕ್ಯಾನ್ಸರನ್ನು ಹೇಗೆ ಗುರುತಿಸುತ್ತದೆ? ಸಿದ್ಧೇಶ್ವರ ಜಾತ್ರೆಯ ಗದ್ದಲ ನೆನೆಸಿಕೊಳ್ಳಿ, ಕಾಲಿಡಲೂ ಜಾಗ ಇರಲ್ಲ ಅಲ್ವಾ? ಕ್ಯಾನ್ಸರ್ ಕೋಶಗಳು ಹಾಗೇ ಒತ್ತೊತ್ತಾಗಿ ತುಂಬಿರುತ್ತವೆ. ಅಲ್ಲಿ ನೀರಿನ ಅಣುಗಳು ಸಲೀಸಾಗಿ ಓಡಾಡಲಾರವು. ಆ ತಡೆಯನ್ನೇ ಸ್ಕ್ಯಾನ್ ಹಿಡಿಯುತ್ತದೆ.

ಕಾಕಾನಿಗೆ ಇದನ್ನು ಹೇಳಿ: ಗುರಿಯಿಲ್ಲದೆ ಹತ್ತು-ಹನ್ನೆರಡು ಕಡೆ ಸುಮ್ನೆ ಚುಚ್ಚುವ ಹಳೇ ಬಯಾಪ್ಸಿಯಿಂದ ಅವರು ಹೇಳುವ ನೆಮ್ಮದಿ ಸಿಗಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನದಲ್ಲಿ ಒಬ್ಬೊಬ್ಬರಿಗೂ ಎಂಆರ್‌ಐ, ಈ ಹಳೇ ಬಯಾಪ್ಸಿ ಎರಡನ್ನೂ ಮಾಡಿ ನೋಡಿದರು. ಅಪಾಯಕಾರಿ ಕ್ಯಾನ್ಸರ್ ಇದ್ದ 100 ಜನರಲ್ಲಿ ಎಂಆರ್‌ಐ 93 ಜನರನ್ನು ಗುರುತಿಸಿತು, ಆ ಬಯಾಪ್ಸಿ 48 ಜನರನ್ನು. ಎಂಆರ್‌ಐನಲ್ಲಿ ಅನುಮಾನದ ಜಾಗ ಕಂಡಿದ್ದರೆ, ಅಲ್ಲಿಗೇ ಗುರಿಯಿಟ್ಟು ಚುಚ್ಚಬಹುದಿತ್ತು.

ಹಾಗಂತ ಉಳಿದ 7ನ್ನು ಮರೆಯುವಂತಿಲ್ಲ. ಡಾಕ್ಟರು ಹೇಳಿದ ಸಮಯಕ್ಕೆ ಪಿಎಸ್‌ಎ ಮತ್ತೆ ಮಾಡಿಸಿ, ಆದಷ್ಟು ಅದೇ ಲ್ಯಾಬಿನಲ್ಲಿ. ಕಾಗದದ ರಿಪೋರ್ಟ್ ಮಾತ್ರ ಸಾಲದು, ಸ್ಕ್ಯಾನಿನ ಸಿಡಿಯನ್ನೂ ಕೇಳಿ ತಗೊಂಡು ಇಟ್ಟುಕೊಳ್ಳಿ. ಮುಂದೆ ಇನ್ನೊಂದು ಎಂಆರ್‌ಐ ಆದರೆ, ಬೆಳಗಾವಿಯಲ್ಲೇ ಆಗಲಿ ಎಲ್ಲೇ ಆಗಲಿ, ಅದನ್ನು ಇದರ ಪಕ್ಕ ಇಟ್ಟು ನೋಡುತ್ತಾರೆ.