ಪದ ಪರಿಚಯ: ರಿಯಲ್ ಟೈಮ್ ಪ್ರೊಟೆಕ್ಷನ್

ಪೆನ್ ಡ್ರೈವಿನ ಫೈಲ್ ತೆರೆದಾಗ ಅಥವಾ ಇಂಟರ್ನೆಟ್ಟಿನಿಂದ ಏನಾದರೂ ಇಳಿಸಿಕೊಂಡಾಗ, ಅದು ಕೆಲಸ ಶುರು ಮಾಡುವ ಮುನ್ನವೇ ತಡೆದು ತಪಾಸಣೆ ಮಾಡುವ ವ್ಯವಸ್ಥೆಗೆ ರಿಯಲ್ ಟೈಮ್ ಪ್ರೊಟೆಕ್ಷನ್ ಎನ್ನುತ್ತಾರೆ. ಆ್ಯಂಟಿವೈರಸ್‌ನ ಒಂದು ಭಾಗ ವಿಂಡೋಸ್‌ನ ಒಳಪದರದಲ್ಲಿ ಕೂತಿರುತ್ತದೆ. ತೆರೆಯಲು ಹೊರಟ ಫೈಲನ್ನು ಗೊತ್ತಿರುವ ವೈರಸ್‌ಗಳ ಗುರುತುಪಟ್ಟಿಗೆ ಹೋಲಿಸಿ ನೋಡುತ್ತದೆ, ಪ್ರೋಗ್ರಾಂನ ನಡವಳಿಕೆ ಗಮನಿಸುತ್ತದೆ, ಅನುಮಾನ ಬಂದರೆ ಕಂಪನಿಯ ಸರ್ವರನ್ನು ವಿಚಾರಿಸುತ್ತದೆ. ಗುಂಡಿ ಒತ್ತಿದಾಗ ಮಾತ್ರ ಹುಡುಕುವ ತಂತ್ರಾಂಶ ಬೇರೆ. ಅದು ಆನ್ ಡಿಮ್ಯಾಂಡ್ ಸ್ಕ್ಯಾನರ್. ಒಳಗೆ ಬರುವುದನ್ನು ಅದು ತಡೆಯುವುದಿಲ್ಲ, ಬಂದು ಸೇರಿದ್ದನ್ನು ಹುಡುಕಿ ತೆಗೆಯುತ್ತದೆ.

ಉಚಿತ ತಂತ್ರಾಂಶ ಆರಿಸುವಾಗ ಬಹಳ ಜನ ಎಡವುವುದು ಇಲ್ಲಿಯೇ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಎರಡನೆಯ ಬಗೆಯದು. ಪ್ರೀಮಿಯಂ ಟ್ರಯಲ್ ಒಪ್ಪಿಕೊಂಡರೆ 14 ದಿನ ಕಾವಲು ಇರುತ್ತದೆ, ಆಮೇಲೆ ಅದು ನಿಲ್ಲುತ್ತದೆ. ತಂತ್ರಾಂಶ ಮಾತ್ರ ಕಂಪ್ಯೂಟರಿನಲ್ಲಿ ಹಾಗೇ ಇರುವುದರಿಂದ ಮನೆಯವರು ರಕ್ಷಣೆ ಇದೆ ಎಂದೇ ನಂಬಿರುತ್ತಾರೆ.

ಸ್ಪೈವೇರ್ ಎಂಬ ಗೂಢಚಾರಿ ತಂತ್ರಾಂಶವು ನಮ್ಮ ಫೈಲುಗಳನ್ನು ಹಾಳು ಮಾಡುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಟೈಪ್ ಮಾಡುವ ಅಕ್ಷರಗಳು, ನೋಡಿದ ಪುಟಗಳು, ಇವನ್ನೆಲ್ಲ ಸದ್ದಿಲ್ಲದೆ ಹೊರಗೆ ಕಳಿಸುತ್ತದೆ. 2000ದ ಆಸುಪಾಸಿನಲ್ಲಿ ಆ್ಯಡ್-ಅವೇರ್, ಸ್ಪೈಬಾಟ್‌ನಂಥ ಆ್ಯಂಟಿ-ಸ್ಪೈವೇರ್‌ಗಳನ್ನು ಪ್ರತ್ಯೇಕವಾಗಿ ಹಾಕಿಕೊಳ್ಳುತ್ತಿದ್ದುದಕ್ಕೆ ಕಾರಣವಿತ್ತು: ಆಗಿನ ಆ್ಯಂಟಿವೈರಸ್‌ಗಳು ಈ ಬಗೆಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಎರಡೂ ಕೆಲಸವನ್ನು ಒಂದೇ ತಂತ್ರಾಂಶ ಮಾಡುತ್ತದೆ. ಆದರೂ 'ಎರಡು ಇದ್ದರೆ ಇನ್ನೂ ಭದ್ರ' ಎಂಬ ಹಳೆಯ ರೂಢಿ ಹೋಗಿಲ್ಲ. ಎರಡು ರಿಯಲ್ ಟೈಮ್ ಕಾವಲುಗಳನ್ನು ಒಟ್ಟಿಗೆ ಓಡಿಸಿದರೆ ಒಂದು ತೆರೆದ ಫೈಲನ್ನು ಇನ್ನೊಂದು ಹಿಡಿದು ನೋಡುತ್ತದೆ, ಒಂದು ಬೇರ್ಪಡಿಸಿಟ್ಟ ವೈರಸ್ ಫೈಲನ್ನು ಇನ್ನೊಂದು ಹೊಸ ದಾಳಿ ಎಂದು ತಿಳಿಯುತ್ತದೆ. 4 ಜಿ.ಬಿ. ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್ ಇರುವ ಮನೆಯ ಕಂಪ್ಯೂಟರ್ ಇದರಿಂದಲೇ ನಿಂತ ಹಾಗಾಗುತ್ತದೆ. ಆದ್ದರಿಂದ ಕಾವಲು ಒಂದೇ ಇರಲಿ, ಮರುಪರೀಕ್ಷೆಗೆ ಒಂದು ಆನ್ ಡಿಮ್ಯಾಂಡ್ ಸ್ಕ್ಯಾನರ್ ಇರಲಿ.

ಆ ಒಂದು ಕಾವಲು ಯಾವುದು? ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತದೆ. ಹೆಚ್ಚಿನ ಮನೆಗಳಿಗೆ ಅಷ್ಟು ಸಾಕು. ಸ್ಟಾರ್ಟ್‌ನಲ್ಲಿ 'ವಿಂಡೋಸ್ ಸೆಕ್ಯುರಿಟಿ' ಎಂದು ಹುಡುಕಿ, 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್', ಅದರೊಳಗೆ 'ಮ್ಯಾನೇಜ್ ಸೆಟ್ಟಿಂಗ್ಸ್' ತೆರೆಯಿರಿ. ರಿಯಲ್ ಟೈಮ್ ಪ್ರೊಟೆಕ್ಷನ್, ಕ್ಲೌಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಆಮೇಲೆ 'ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್'ನ ರೆಪ್ಯುಟೇಶನ್ ಸೆಟ್ಟಿಂಗ್ಸ್‌ಗೆ ಹೋಗಿ, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿ. ಉಚಿತ ಪಿಡಿಎಫ್ ಕನ್ವರ್ಟರ್ ಜೊತೆಗೆ ನುಸುಳಿ ಬರುವ, ಬೇಡದ ಜಾಹೀರಾತು ತೋರಿಸುವ ಆ್ಯಡ್‌ವೇರನ್ನು ಹಿಡಿಯುವುದು ಇದೇ.

ಬೇರೆ ಆ್ಯಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಹಾಗೆ ಬದಲಾಯಿಸುವ ಮುನ್ನ ಎ.ವಿ.-ಟೆಸ್ಟ್, ಎ.ವಿ.-ಕಂಪ್ಯಾರಟಿವ್ಸ್ ಪ್ರಯೋಗಾಲಯಗಳ ಇತ್ತೀಚಿನ ಫಲಿತಾಂಶ ನೋಡಿ. ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ಅವಾಸ್ಟ್ ಎಂಬ ಆ್ಯಂಟಿವೈರಸ್ ಕಂಪನಿ ತನ್ನ ಬಳಕೆದಾರರು ನೋಡಿದ ಪುಟಗಳ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. ಜಂಪ್‌ಶಾಟ್ 2020ರಲ್ಲಿ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ) ಅವಾಸ್ಟ್ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಗೂಢಚಾರಿಕೆ ತಡೆಯಬೇಕಾದ ತಂತ್ರಾಂಶವೇ ಹೀಗೆ ಮಾಡಿದ್ದು ಸಣ್ಣ ಮಾತಲ್ಲ. ಯಾವುದನ್ನೇ ಹಾಕಿದರೂ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಮಾಹಿತಿ ಹಂಚಿಕೆಯ ಟಿಕ್ ತೆಗೆಯಿರಿ.

ಕೊಡಗಿನ ಮಳೆಗಾಲಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಿದ್ದರೆ ಗುರುತುಪಟ್ಟಿ ಹಳತಾಗುತ್ತದೆ, ಸರ್ವರನ್ನು ವಿಚಾರಿಸುವ ದಾರಿಯೂ ಇರುವುದಿಲ್ಲ. ಕರೆಂಟು ಬಂದ ಮೇಲೆ ಮೊದಲು 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ, ಆಮೇಲೆ ಪೆನ್ ಡ್ರೈವ್ ಹಾಕಿ. ಮನೆಯಲ್ಲಿ ನೆಟ್ ಬರುವುದೇ ಇಲ್ಲ ಎಂದಾದರೆ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋದಾಗ ಮೈಕ್ರೋಸಾಫ್ಟ್ ತಾಣದಿಂದ ಡಿಫೆಂಡರ್ ಅಪ್‌ಡೇಟ್ ಫೈಲನ್ನು ಇಳಿಸಿಕೊಂಡು ತಂದು ಓಡಿಸಬಹುದು. ಅದಕ್ಕೂ ಮುನ್ನ ಫೈಲಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಮೈಕ್ರೋಸಾಫ್ಟ್‌ನದೇ ಎಂದು ಖಚಿತಪಡಿಸಿಕೊಳ್ಳಿ.

ಪಹಣಿಯನ್ನೋ ತೋಟದ ಲೆಕ್ಕವನ್ನೋ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದ ಪೆನ್ ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಯಾವುದನ್ನೂ ಒತ್ತಬೇಡಿ, ಫಾರ್ಮ್ಯಾಟ್ ಕೂಡ ಮಾಡಬೇಡಿ. ಸಾಮಾನ್ಯವಾಗಿ ಮೂಲ ಫೈಲುಗಳು ಅಲ್ಲೇ ಅಡಗಿರುತ್ತವೆ. ಶಾರ್ಟ್‌ಕಟ್ ಒತ್ತಿದರೆ ವೈರಸ್ ಓಡುತ್ತದೆ. ಪೆನ್ ಡ್ರೈವನ್ನು ಸ್ಕ್ಯಾನ್ ಮಾಡಿಸಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್' ಟಿಕ್ ತೆಗೆದರೆ ಅವು ಕಾಣುತ್ತವೆ.

ಹೋಂಸ್ಟೇ ನಡೆಸುವವರಿಗೆ ಬರುವ ಅಪಾಯ ಬೇರೆ ರೀತಿಯದು. ಬುಕಿಂಗ್ ಕೇಳುವ ನೆಪದಲ್ಲಿ 'ಗುರುತಿನ ಚೀಟಿ' ಎಂದು ಜಿಪ್ ಫೈಲ್ ಬರುತ್ತದೆ, ಪಾಸ್‌ವರ್ಡ್ ಮೇಲ್‌ನಲ್ಲೇ ಇರುತ್ತದೆ. ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗನ್ನು ಆ್ಯಂಟಿವೈರಸ್ ಸಾಮಾನ್ಯವಾಗಿ ಮುಂಚಿತವಾಗಿ ನೋಡಲಾರದು, ಕಳಿಸುವವರು ಪಾಸ್‌ವರ್ಡ್ ಹಾಕುವುದೂ ಅದಕ್ಕೇ. ನಿಜವಾದ ಅತಿಥಿ ಫೋಟೊ ಕಳಿಸಲು ಇಷ್ಟೆಲ್ಲ ಮಾಡುವುದಿಲ್ಲ. ಫೈಲ್ ಎಕ್ಸ್‌ಟೆನ್ಷನ್ (ಫೈಲಿನ ಬಗೆ ಹೇಳುವ, ಹೆಸರಿನ ಕೊನೆಯ ಭಾಗ) ಕಾಣುವಂತೆ ಇಟ್ಟುಕೊಂಡರೆ, ಪಿಡಿಎಫ್ ಎಂದು ತೋರುವ ಹೆಸರಿನ ಕೊನೆಯಲ್ಲಿ ಇ-ಎಕ್ಸ್-ಇ, ಅಂದರೆ ಅದು ಪ್ರೋಗ್ರಾಂ ಎಂಬ ಗುರುತು, ಇರುವುದು ಕಣ್ಣಿಗೆ ಬೀಳುತ್ತದೆ.

ಪರದೆಯ ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಎಂಬ ಸೂಚನೆ ಪದೇ ಪದೇ ಬಂದರೆ, ಎಷ್ಟೋ ಸಲ ಅದು ವೈರಸ್ಸೇ ಅಲ್ಲ. ಯಾವುದೋ ತಾಣ ಸೂಚನೆ ಕಳಿಸಲು ಅನುಮತಿ ಕೇಳಿದಾಗ 'ಅಲೋ' ಒತ್ತಿದ್ದರ ಫಲ. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್‌ನಲ್ಲಿ ಆ ತಾಣವನ್ನು ತೆಗೆದುಹಾಕಿ. ಅದರಲ್ಲಿ ಕಾಣುವ ಫೋನ್ ನಂಬರಿಗೆ ಕರೆ ಮಾಡಲೇಬೇಡಿ.

ಅನುಮಾನ ಉಳಿದರೆ ಮಾಲ್‌ವೇರ್‌ಬೈಟ್ಸ್‌ನಿಂದಲೋ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್‌ನಿಂದಲೋ ಮರುಪರೀಕ್ಷೆ ಮಾಡಿ. ಸೇಫ್ಟಿ ಸ್ಕ್ಯಾನರ್ ಇಳಿಸಿದ 10 ದಿನಕ್ಕೆ ಕೆಲಸ ನಿಲ್ಲಿಸುತ್ತದೆ, ಪ್ರತಿ ಸಲವೂ ಹೊಸದಾಗಿ ತರಬೇಕು. ತೆಗೆದರೂ ಮತ್ತೆ ಮತ್ತೆ ಬರುವ ವೈರಸ್‌ಗೆ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ತೆರೆದಿರುವ ಕೆಲಸ ಉಳಿಸಿಕೊಂಡು, ಕರೆಂಟು ಹೋಗದ ಹೊತ್ತು ನೋಡಿ ಶುರು ಮಾಡಿ. ಪಾಸ್‌ವರ್ಡ್ ಕಳುವಾಗಿದೆ ಎನಿಸಿದರೆ ಅವನ್ನು ಬೇರೆ ಸಾಧನದಿಂದ ಬದಲಾಯಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.