ವೀಲ್‌ಗೆ ಪೇಂಟಾ, ಪೌಡರ್ ಕೋಟಿಂಗಾ?

ಪ್ರಶ್ನೆ: ನಾವು ಮಂಡ್ಯದವರು. ನಮ್ಮ ಕಾರಿಗೆ ಒಂಬತ್ತು ವರ್ಷ. ಅಲಾಯ್ ವೀಲ್‌ಗಳ ಬಣ್ಣ ಅಲ್ಲಲ್ಲಿ ಎದ್ದಿದೆ. ಎರಡು ವೀಲ್‌ನ ಅಂಚು ಫುಟ್‌ಪಾತ್ ಕಲ್ಲಿಗೆ ಉಜ್ಜಿ ಕಿತ್ತುಹೋಗಿದೆ. ಪೇಂಟ್ ಸಾಕು ಅಂತ ಒಬ್ಬರು, ಪೌಡರ್ ಕೋಟಿಂಗ್ ಮಾಡಿಸಿದರೆ ಮತ್ತೆ ಯೋಚನೆಯೇ ಇಲ್ಲ ಅಂತ ಇನ್ನೊಬ್ಬರು. ಆಯುಧಪೂಜೆಗೆ ಮುಂಚೆ ಮಾಡಿಸಬೇಕು. ಯಾವುದು ಸರಿ ಸರ್?

ಉತ್ತರ: ಮೊದಲು ಆ ಕಿತ್ತುಹೋದ ಅಂಚನ್ನು ನೋಡಿ. ವೀಲ್ ತೊಳೆದು, ಒರೆಸಿ, ಗೀರಿನ ಮೇಲೆ ಉಗುರು ಎಳೆಯಿರಿ. ಉಗುರು ಸುಮ್ನೆ ಜಾರಿಕೊಂಡು ಮುಂದೆ ಹೋದರೆ ಗಾಯ ಮೇಲುಮೇಲಿನದು. ಸಿಕ್ಕಿಕೊಂಡು ನಿಂತರೆ ಆಳ ಇದೆ. ಪೇಂಟಾ ಪೌಡರಾ ಅನ್ನೋದು ಬಹಳಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ. ಕಾರಣ, ಪುಟ್ಟಿ.

ಆಳದ ಗಾಯಕ್ಕೆ ಪೇಂಟ್‌ನವರು ಪುಟ್ಟಿ ತುಂಬುತ್ತಾರೆ. ಒಣಗಿದ ಮೇಲೆ ಎಮರಿ ಪೇಪರ್ ಹಾಕಿ ಉಜ್ಜಿ, ಪ್ರೈಮರ್, ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಅನ್ನುವ ಬಣ್ಣವಿಲ್ಲದ ಪದರ ಹೊಡೆಯುತ್ತಾರೆ. ಗಾಯ ಇತ್ತು ಅಂತಲೇ ಗೊತ್ತಾಗದು. ಪೌಡರ್ ಕೋಟಿಂಗ್‌ನಲ್ಲಿ ವೀಲ್ ಓವನ್ ಒಳಗೆ ಹೋಗುತ್ತದೆ. ಅಲ್ಲಿನ ಬಿಸಿ 180ರಿಂದ 200 ಡಿಗ್ರಿ ಸೆಲ್ಸಿಯಸ್. ಬಾಡಿ ಕೆಲಸಕ್ಕೆ ಬಳಸುವ ಮಾಮೂಲಿ ಪುಟ್ಟಿ ಆ ಬಿಸಿ ತಾಳುವುದಿಲ್ಲ. ಗುಳ್ಳೆ ಏಳುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಹಾಗಾಗಿ ಪೌಡರ್ ಮಾಡಿಸುವುದಾದರೆ ಅಂಚನ್ನು ಅರದಿಂದ ಉಜ್ಜಿ ಸಮ ಮಾಡಬೇಕು. ಜಾಸ್ತಿ ಕಿತ್ತಿದ್ದರೆ ಅಲ್ಯೂಮಿನಿಯಂ ವೆಲ್ಡಿಂಗ್ ಬೇಕು. ಅದು ಪಳಗಿದ ಕೈಯ ಕೆಲಸ. ಬಿರುಕು ಬಿಟ್ಟ ವೀಲ್ ಮಾತ್ರ ಇದ್ಯಾವುದಕ್ಕೂ ಲಾಯಕ್ಕಲ್ಲ. ಬಣ್ಣದಿಂದ ಮುಚ್ಚಬೇಡಿ, ಬದಲಾಯಿಸಿಬಿಡಿ.

ಇನ್ನು ಪೌಡರ್ ಅಂದರೆ ಏನು ಅಂತ ನೋಡೋಣ. ಹೆಸರೇ ಹೇಳುವ ಹಾಗೆ ಅದು ಒಣ ಪುಡಿ, ತಿನ್ನರ್ ಇಲ್ಲ. ಗನ್ನಿಂದ ಹೊರಡುವಾಗ ಪುಡಿಗೆ ಕರೆಂಟ್ ಚಾರ್ಜ್ ಕೊಡುತ್ತಾರೆ. ಕೊಕ್ಕೆಗೆ ನೇತುಹಾಕಿದ ವೀಲ್‌ಗೆ ಅರ್ಥಿಂಗ್ ಇರುತ್ತದೆ. ಪುಡಿ ತಾನಾಗಿ ಹೋಗಿ ಲೋಹಕ್ಕೆ ಅಂಟುತ್ತದೆ. ಆಮೇಲೆ ಓವನ್‌ನಲ್ಲಿ ಕರಗಿ, ಹರಡಿ, ಒಂದೇ ಪದರವಾಗಿ ಗಟ್ಟಿಯಾಗುತ್ತದೆ. ಮಂಡ್ಯದವರಿಗೆ ಇದನ್ನು ಹೇಳೋದು ಸುಲಭ. ಆಲೆಮನೆಯಲ್ಲಿ ಹದ ಬರುವ ಮೊದಲೇ ಪಾಕ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಹದ ಮೀರಿದರೆ ಸೀದುಹೋಗುತ್ತದೆ ಅಲ್ವಾ? ಪೌಡರ್‌ಗೂ ಹಾಗೇ ಹದ ಇದೆ. ಬಿಸಿ ಸಾಲದೆ ಹೋದರೆ ನೋಡೋಕೆ ಹೊಳೆಯುತ್ತದೆ, ಆದರೆ ಒಂದು ಜಲ್ಲಿಕಲ್ಲು ಬಡಿದರೆ ಚಕ್ಕೆ ಏಳುತ್ತದೆ. ಬಿಸಿ ಜಾಸ್ತಿಯಾದರೆ ಬಣ್ಣ ಹಳದಿಗೆ ತಿರುಗುತ್ತದೆ. ಓವನ್‌ನ ಗಾಳಿ 200 ಡಿಗ್ರಿ ಮುಟ್ಟಿದರೆ ಸಾಲದು, ವೀಲ್‌ನ ಲೋಹವೇ ಆ ಬಿಸಿಗೆ ಬಂದು ಹತ್ತು ಹದಿನೈದು ನಿಮಿಷ ನಿಲ್ಲಬೇಕು. ಕಿಟಕಿ ಗ್ರಿಲ್‌ನ ತೆಳು ಕಂಬಿ ಬೇಗ ಕಾಯುತ್ತದೆ, ದಪ್ಪ ವೀಲ್ ತಡವಾಗಿ ಕಾಯುತ್ತದೆ. ಬರೀ ಗ್ರಿಲ್, ಕುರ್ಚಿ ಮಾಡುವ ಜಾಗಕ್ಕೆ ಹೋಗಿದ್ದರೆ ಇದನ್ನು ಕೇಳಲೇಬೇಕು. ಪಾಲಿಯೆಸ್ಟರ್ ಪೌಡರ್ ತಾನೇ ಅಂತಲೂ ಕೇಳಿ. ಎಪಾಕ್ಸಿ ಅಂತ ಇನ್ನೊಂದು ಬಗೆಯ ಪುಡಿ ಇದೆ, ಬರೀ ಅದೇ ಆದರೆ ನಮ್ಮ ಬಿಸಿಲಿಗೆ ಸುಣ್ಣ ಬಳಿದ ಹಾಗೆ ಮಂಕಾಗುತ್ತದೆ.

ಅಲಾಯ್‌ಗೆ ಬಿಸಿಯಿಂದ ಇನ್ನೊಂದು ಅಪಾಯ ಇದೆ. ವೀಲ್‌ಗಳನ್ನು ಅಲ್ಯೂಮಿನಿಯಂ ಜೊತೆ ಸಿಲಿಕಾನ್ ಬೆರೆಸಿ ಎರಕ ಹೊಯ್ದು, ಕಾಯಿಸಿ ತಣಿಸಿ ಗಟ್ಟಿತನ ಕೊಟ್ಟಿರುತ್ತಾರೆ. ಸರಿಯಾದ ಹದದಲ್ಲಿ ಒಂದು ಸಲ ಪೌಡರ್ ಮಾಡಿಸಿದರೆ ಭಯವಿಲ್ಲ. ಆದರೆ ಹಳೇ ಬಣ್ಣ ತೆಗೆಯೋಕೆ ಗ್ಯಾಸ್ ಬರ್ನರ್ ಹಿಡಿಯುವುದು, 350 ಡಿಗ್ರಿಯ ಭಟ್ಟಿಯಲ್ಲಿ ಸುಡುವುದು, ಇವೆರಡನ್ನೂ ಒಪ್ಪಬೇಡಿ. ಲೋಹ ಮೆತ್ತಗಾಗುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗದು, ಗುಂಡಿಗೆ ಇಳಿದಾಗ ಬಾಗುತ್ತದೆ. ಬಣ್ಣ ತೆಗೆಯುವ ಕೆಮಿಕಲ್ ಅಥವಾ ನಯವಾದ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಸಣ್ಣ ಕಣ ಬಡಿಸಿ ಬಣ್ಣ ಕೀಳುವುದು) ಸಾಕು. ಎರಕದ ಲೋಹದ ಸಣ್ಣ ರಂಧ್ರಗಳಲ್ಲಿ ಗಾಳಿ, ಎಣ್ಣೆ ಕೂತಿರುತ್ತದೆ. ಪುಡಿ ಹೊಡೆಯುವ ಮುಂಚೆ ಬರೀ ವೀಲನ್ನು ಒಮ್ಮೆ ಓವನ್‌ನಲ್ಲಿ ಕಾಯಿಸಿದರೆ ಅದೆಲ್ಲ ಹೊರಗೆ ಬರುತ್ತದೆ. ಇಲ್ಲದಿದ್ದರೆ ಹೊಸ ಬಣ್ಣದ ಮೇಲೆ ಸೂಜಿ ಚುಚ್ಚಿದಂಥ ತೂತುಗಳು ಬೀಳುತ್ತವೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಕೆಲವು ವರ್ಷದ ಹಿಂದೆ ಮೈಸೂರಿನ ಒಂದು ಕಡೆ ನನ್ನ ಕಾರಿನ ನಾಲ್ಕು ವೀಲ್‌ಗೂ ಕಪ್ಪು ಪೌಡರ್ ಮಾಡಿಸಿದೆ. ಎರಡು ಕೋಟ್. ನೋಡೋಕೆ ತುಂಬಾ ಚೆನ್ನಾಗಿತ್ತು. ನಾಲ್ಕನೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಮಂಡ್ಯಕ್ಕೆ ಹೊರಟೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಮುಂದಿನ ಎಡಗಡೆ ವೀಲ್‌ನಿಂದ ಟಕ್ ಟಕ್ ಅಂತ ಸದ್ದು. ಟೈರಿನ ಸಂದಿಗೆ ಕಲ್ಲು ಸಿಕ್ಕಿದೆ ಅಂದುಕೊಂಡು ಪಕ್ಕಕ್ಕೆ ನಿಲ್ಲಿಸಿದೆ. ಕಲ್ಲು ಇರಲಿಲ್ಲ. ವೀಲ್ ಪಾನಾ ಇಟ್ಟೆ, ಭಾರ ಹಾಕುವ ಮುಂಚೆಯೇ ನಟ್ ತಿರುಗಿತು. ನಾಲ್ಕರಲ್ಲಿ ಮೂರು ಹಾಗೇ ಇದ್ದವು. ಒಂದು ನಟ್ ಬಿಚ್ಚಿ, ಅದು ಕೂರುವ ಕುಳಿಯೊಳಗೆ ಬೆರಳು ಹಾಕಿದೆ. ಕಪ್ಪು ಪದರ ನಜ್ಜುಗುಜ್ಜಾಗಿ, ಒಣಗಿದ ಸಿಪ್ಪೆಯ ಹಾಗೆ ಚೂರುಚೂರಾಗಿ ಉಗುರಿಗೆ ಬಂತು.

ಆದದ್ದು ಇಷ್ಟೇ. ಪೌಡರ್‌ನ ಒಂದು ಕೋಟ್ ಸುಮಾರು 60ರಿಂದ 100 ಮೈಕ್ರಾನ್ ದಪ್ಪ. ಹೆಚ್ಚು ಕಡಿಮೆ ನ್ಯೂಸ್ ಪೇಪರಿನ ಒಂದು ಹಾಳೆಯಷ್ಟು. ನಟ್ ಕೂರುವ ಕುಳಿಗೆ ಎರಡು ಕೋಟ್, ಹಿಂಬದಿಯಲ್ಲಿ ವೀಲ್ ಹಬ್‌ಗೆ, ಅಂದರೆ ಅದನ್ನು ಕೂರಿಸುವ ಕಾರಿನ ಭಾಗಕ್ಕೆ, ಅಂಟುವ ಮುಖಕ್ಕೂ ಎರಡು ಕೋಟ್. ಬಿಗಿ ಮಾಡಿದಾಗ ನಟ್ ಲೋಹವನ್ನು ಹಿಡಿಯಲೇ ಇಲ್ಲ, ಬಣ್ಣವನ್ನು ಹಿಡಿದಿತ್ತು. ಗಾಡಿ ಓಡಿದ ಹಾಗೆ ಬಣ್ಣ ನಜ್ಜಿ, ಬಿಗಿ ಹೋಯಿತು. ಆ ದಿನ ಸದ್ದು ಕೇಳಿಸದೆ ಹೋಗಿದ್ದರೆ ಅಂತ ನೆನೆದರೆ ಈಗಲೂ ಮೈ ನಡುಗುತ್ತದೆ. ಪೇಂಟ್ ಆಗಲಿ ಪೌಡರ್ ಆಗಲಿ, ಈ ಎರಡು ಜಾಗಕ್ಕೆ ಬಣ್ಣ ತಾಗಬಾರದು. ಕೆಲಸ ಕೊಡುವಾಗಲೇ ಹೇಳಿ, ಅಲ್ಲಿ ಟೇಪು, ಬಿರಡೆ ಹಾಕಿಸಿ. ವಾಪಸ್ ತರುವಾಗ ಟೈರ್ ಹಾಕುವ ಮುಂಚೆ ನೀವೇ ನೋಡಿ. ಬರೀ ಲೋಹ ಕಾಣಬೇಕು. ಹಾಗೇ ವೀಲ್‌ನ ಕಡ್ಡಿಗಳು (ಸ್ಪೋಕ್) ಸೇರುವ ಮೂಲೆಗಳನ್ನೂ ನೋಡಿ. ಚಾರ್ಜ್ ಇರುವ ಪುಡಿ ಆ ಆಳದ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ, ಬಣ್ಣ ತೆಳುವಾಗಿ ಉಳಿದಿರುತ್ತದೆ.

ಪೇಂಟ್ ಕಡಿಮೆ ದರ್ಜೆಯದು ಅಂತ ಯಾರೂ ತಿಳಿಯಬೇಕಾಗಿಲ್ಲ. ಗಟ್ಟಿಯಾಗಲು ಹಾರ್ಡ್‌ನರ್ ಅನ್ನುವ ದ್ರವ ಬೆರೆಸುವ ಟೂ-ಕೆ ಪೇಂಟ್, ಮೇಲೆ ಒಳ್ಳೇ ಕ್ಲಿಯರ್ ಹೊಡೆದರೆ ವರ್ಷಗಟ್ಟಲೆ ಇರುತ್ತದೆ. ಮತ್ತೆ ಫುಟ್‌ಪಾತ್‌ಗೆ ತಾಗಿತು ಅನ್ನಿ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಗಾಡಿ ನಿಲ್ಲಿಸುವವರಿಗೆ ಅದು ಹೊಸದೇನಲ್ಲ. ಪೇಂಟ್ ಆದರೆ ಅಷ್ಟೇ ಜಾಗ ಸರಿಮಾಡಬಹುದು. ಪೌಡರ್ ಆದರೆ ನೀಟಾಗಿ ಬರಬೇಕೆಂದರೆ ಇಡೀ ವೀಲ್ ಬಣ್ಣ ತೆಗೆದು ಮತ್ತೆ ಓವನ್‌ಗೆ ಹಾಕಬೇಕು. ಎರಡು ಬಣ್ಣದ ವೀಲ್‌ಗೂ ಪೇಂಟೇ ಅನುಕೂಲ. ಜಲ್ಲಿ, ಕಲ್ಲಿನ ಏಟು ತಡೆಯುವುದರಲ್ಲಿ ಮಾತ್ರ ಪೌಡರ್ ಮೇಲು. ನಾಲೆ ಏರಿ ಮೇಲೆ, ಕಬ್ಬಿನ ಗದ್ದೆ ದಾರಿಯಲ್ಲಿ ದಿನಾ ಓಡಾಡುವವರಿಗೆ ಅದು ದೊಡ್ಡ ಗುಣ. ಮನೆಯಲ್ಲೇ ಪೇಂಟ್ ಹೊಡೆಯೋಣ ಅನ್ನುವವರು ಹಾರ್ಡ್‌ನರ್ ಇರುವ ಡಬ್ಬಿಯನ್ನು ಬರೀ ಕರ್ಚೀಫ್ ಕಟ್ಟಿಕೊಂಡು ಮುಟ್ಟಬೇಡಿ. ಅದರಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಆಸ್ತಮಾ ತರಬಹುದು.

ಅಂದಹಾಗೆ, ಕಬ್ಬಿಣದ ಡಿಸ್ಕ್ ಆಗಿದ್ದರೆ ಇಷ್ಟು ಯೋಚನೆಯೇ ಬೇಡ. ಅಯಸ್ಕಾಂತ ಅಂಟಿದರೆ ಕಬ್ಬಿಣ. ತುಕ್ಕು ಪೂರ್ತಿ ತೆಗೆಸಿ ಪೌಡರ್ ಮಾಡಿಸಿ.

ನಿಮ್ಮ ವಿಷಯಕ್ಕೆ ಬರೋಣ. ಗಾಯ ಇರೋದು ಎರಡು ವೀಲ್‌ಗೆ, ಆದರೆ ನಾಲ್ಕರ ಬಣ್ಣವೂ ಎದ್ದಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ನಾಲ್ಕಕ್ಕೂ ಪೇಂಟ್ ಮಾಡಿಸಿ, ಹಳೇ ಬಣ್ಣ ಪೂರ್ತಿ ತೆಗೆಸಿಯೇ. ಗಾಯ ಮೇಲುಮೇಲಿನದಾದರೆ, ಒಂದೇ ಬಣ್ಣ ಸಾಕು ಅನ್ನುವುದಾದರೆ, ಮೇಲೆ ಹೇಳಿದ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಡುವ ಅಂಗಡಿ ಸಿಕ್ಕರೆ, ಪೌಡರ್ ಮಾಡಿಸಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ದಸರಾ ಹತ್ತಿರ ಬಂದ ಹಾಗೆ ಎಲ್ಲ ಕಡೆ ಕೆಲಸದ ಒತ್ತಡ. ಅವಸರದಲ್ಲಿ ತೊಳೆಯುವುದು, ಉಜ್ಜುವುದೇ ಮೊದಲು ತಪ್ಪಿಹೋಗುತ್ತದೆ. ಮಳೆಯ ತೇವ ಇರುವ ದಿನ ಪೇಂಟ್ ಹೊಡೆದರೆ ಹಾಲು ಚೆಲ್ಲಿದ ಹಾಗೆ ಮಂಜು ಕಟ್ಟುವುದೂ ಉಂಟು. ಅದಕ್ಕೆ ಮೂರು ವಾರ ಮುಂಚೆಯೇ ಗಾಡಿ ಬಿಡಿ. ಟೈರ್ ಹಾಕುವಾಗ ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ಬಿಗಿ ನೋಡಿಸಿ. ಪೂಜೆಯ ದಿನ ಅರಿಸಿನ ಕುಂಕುಮವನ್ನು ಟೈರಿನ ಮೇಲೆ ಇಡಿ. ಹೊಸ ಪೇಂಟ್ ಪೂರ್ತಿ ಗಟ್ಟಿಯಾಗಿಲ್ಲದಿದ್ದರೆ ಕಲೆ ಉಳಿಯಬಹುದು.