ಹೋಸ್ಟಿಂಗ್ ಅವನದು, ಡೊಮೇನ್ ಯಾರದು?

ವೆಬ್‌ಸೈಟ್ ಮಾಡಿಕೊಟ್ಟವನು ಫೋನ್ ಎತ್ತುತ್ತಿಲ್ಲ, ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಬಿಟ್ಟುಕೊಡುತ್ತಿಲ್ಲ ಎಂದು ನನ್ನ ಬಳಿ ಬರುವವರಲ್ಲಿ ಹೋಂಸ್ಟೇ ನಡೆಸುವವರೇ ಹೆಚ್ಚು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬೇರೇನೋ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದವರು ಹಾಗೆಯೇ ಕಚೇರಿಗೂ ಬಂದು ಕೂರುತ್ತಾರೆ. ಬಾಕಿ ಎಷ್ಟು, ಜಗಳ ಎಲ್ಲಿ ಶುರುವಾಯಿತು ಎಂಬ ಕಥೆ ಒಂದು ಕಡೆ ನಡೆಯುತ್ತಿರುವಾಗಲೇ ನಾನು ಹುಡುಕುವುದು ಎರಡು ಸಂಗತಿ: ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಅದನ್ನು ನೋಂದಾಯಿಸಿಕೊಂಡ ಕಂಪನಿ, ಅಂದರೆ ರಿಜಿಸ್ಟ್ರಾರ್, ಯಾವುದು.

ಹೋಸ್ಟಿಂಗ್ ಎಂದರೆ ನಿಮ್ಮ ಪುಟಗಳಿರುವ ಸರ್ವರಿನ ಬಾಡಿಗೆ, ಅಷ್ಟೇ. ಡೊಮೇನ್ ಬೇರೆಯದೇ ದಾಖಲೆ. ಪಹಣಿ ಇದ್ದ ಹಾಗೆ. ಕಾಗೋಡು ಚಳವಳಿ ಕಂಡ ಸೀಮೆಯವರಿಗೆ ಉಳುವವನೇ ಒಡೆಯ ಎಂಬ ನಂಬಿಕೆ ಸಹಜ. ಇಲ್ಲಿ ಆ ಕಾನೂನು ನಡೆಯುವುದಿಲ್ಲ. ಹತ್ತು ವರ್ಷ ನೀವೇ ಬಳಸಿದ್ದರೂ ದಾಖಲೆಯಲ್ಲಿ ನೋಂದಣಿದಾರನೆಂದು ಯಾರ ಹೆಸರಿದೆಯೋ ಅವನದೇ ಹಕ್ಕು.

ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್‌ನ ಹುಡುಕಾಟದ ಪುಟದಲ್ಲಿ ಡೊಮೇನ್ ಹೆಸರು ಹಾಕಿದರೆ ಯಾರು ಬೇಕಾದರೂ ದಾಖಲೆ ನೋಡಬಹುದು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಮಾಲೀಕರ ಹೆಸರು, ಇಮೇಲ್ ಹೆಚ್ಚಾಗಿ ಮರೆಯಾಗಿರುತ್ತವೆ. ಆದರೆ ರಿಜಿಸ್ಟ್ರಾರ್ ಯಾರು, ಅವಧಿ ಮುಗಿಯುವುದು ಎಂದು, ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ನೇಮ್‌ಸರ್ವರ್ ಯಾವುದು ಎಂಬುದು ಕಾಣುತ್ತದೆ. ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂಬ ಸಾಲು ಕಂಡರೆ ಹೆದರಬೇಕಿಲ್ಲ. ಕಳ್ಳತನ ತಡೆಯಲು ಹಾಕುವ ಮಾಮೂಲಿ ಬೀಗ ಅದು.

ರಿಜಿಸ್ಟ್ರಾರ್ ಹೆಸರು ಕಂಡೊಡನೆ ಅರ್ಧ ಗಂಟು ಬಿಚ್ಚಿದಂತೆ. ಏಕೆಂದರೆ ನಮ್ಮ ಊರುಗಳಲ್ಲಿ ವೆಬ್‌ಸೈಟ್ ಮಾಡಿಕೊಡುವವರು ಸಾಮಾನ್ಯವಾಗಿ ರಿಜಿಸ್ಟ್ರಾರ್ ಅಲ್ಲ, ಮಧ್ಯದ ಮರುಮಾರಾಟಗಾರರು. ಮೇಲೆ ಮಾನ್ಯತೆ ಪಡೆದ ಕಂಪನಿ ಇದ್ದೇ ಇರುತ್ತದೆ. ಡಾಟ್ ಕಾಮ್ ಆದರೆ ಆ ಮಾನ್ಯತೆ ಐಕ್ಯಾನ್‌ನದು, ಡಾಟ್ ಇನ್ ಆದರೆ ಅದನ್ನು ನೋಡಿಕೊಳ್ಳುವ ಭಾರತದ ಸಂಸ್ಥೆ ನಿಕ್ಸಿಯದು. ಐಕ್ಯಾನ್ ನಿಯಮದಂತೆ ನೋಂದಣಿದಾರ ಕೇಳಿದ 5 ದಿನಗಳೊಳಗೆ ರಿಜಿಸ್ಟ್ರಾರ್, ಡೊಮೇನನ್ನು ಬೇರೆ ರಿಜಿಸ್ಟ್ರಾರಿಗೆ ಸಾಗಿಸಲು ಬೇಕಾದ ವರ್ಗಾವಣೆಯ ಗುಪ್ತ ಸಂಕೇತ, ಅಂದರೆ ಆಥ್ ಕೋಡ್, ಒದಗಿಸಬೇಕು. ಡೊಮೇನಿನ ವರ್ಷದ ಶುಲ್ಕವನ್ನು ನೀವು ಕಟ್ಟಿದ್ದರೆ, ಮರುಮಾರಾಟಗಾರನಿಗೂ ರಿಜಿಸ್ಟ್ರಾರಿಗೂ ಇರುವ ಲೆಕ್ಕಾಚಾರವನ್ನು ನೆಪ ಮಾಡಿ ವರ್ಗಾವಣೆ ತಡೆಯುವಂತಿಲ್ಲ. ಹೋಸ್ಟಿಂಗ್ ಬಾಕಿ ನಿಜವಾಗಿಯೂ ಇದ್ದರೆ ಕೊಟ್ಟುಬಿಡಿ, ಅದು ಬೇರೆ ವ್ಯವಹಾರ. ಬಿಲ್ಲಿನಲ್ಲಿ ‘ವೆಬ್‌ಸೈಟ್ ವಾರ್ಷಿಕ’ ಎಂದು ಒಟ್ಟಿಗೇ ಬರೆಸಿಕೊಂಡವರಿಗೆ ಮಾತ್ರ ಇಲ್ಲಿ ತೊಡಕು.

ಆಗುಂಬೆ ರಸ್ತೆಯ ಒಂದು ಹೋಂಸ್ಟೇಯ ವಿಷಯದಲ್ಲಿ ಹೀಗಾಯಿತು. ನೋಂದಣಿದಾರರ ಹೆಸರು ಮಾಲೀಕರದೇ, ಸಂಸ್ಥೆಯ ಹೆಸರಿನ ಜಾಗದಲ್ಲಿ ಹೋಂಸ್ಟೇಯದೇ. ಇಮೇಲ್ ಮಾತ್ರ ಹೋಸ್ಟಿಂಗಿನವನ ಜಿಮೇಲ್. ಹೀಗಾಗಿ ಅವಧಿ ಮುಗಿಯುವ ಮೊದಲು ರಿಜಿಸ್ಟ್ರಾರ್ ಕಳುಹಿಸಲೇಬೇಕಾದ ಎಚ್ಚರಿಕೆಗಳೆಲ್ಲ ಹೋಗುತ್ತಿದ್ದದ್ದು ಅವನ ಇನ್‌ಬಾಕ್ಸಿಗೆ. ‘ನಮ್ಮ ಊರಿನ ಹುಡುಗನೇ ಸಾರ್, ಮೇಲಿನವರಿಗೆ ಬರೆದರೆ ಬೇಜಾರು ಮಾಡಿಕೊಳ್ಳುತ್ತಾನೆ’ ಎಂದರು ಮಾಲೀಕರು. ಈ ದಾಕ್ಷಿಣ್ಯವೇ ಮಲೆನಾಡಿನವರ ದೊಡ್ಡ ಖರ್ಚು. ಹುಡುಗನಿಗೆ ಒಂದು ವಾರದ ಗಡುವು ಕೊಟ್ಟು ಮರ್ಯಾದೆಯಿಂದ ಇಮೇಲ್ ಬರೆಸಿದೆ. ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ. ಉತ್ತರ ಬರಲಿಲ್ಲ. ಬಳಿಕ ಗುರುತಿನ ಚೀಟಿ, ಹೋಂಸ್ಟೇ ಪರವಾನಗಿ, ಡೊಮೇನ್ ನವೀಕರಣ ಎಂದು ಬೇರೆಯಾಗಿ ನಮೂದಾಗಿದ್ದ ಹಳೆಯ ಬಿಲ್ಲು, ಜೊತೆಗೆ ಆ ಇಮೇಲಿನ ಪ್ರತಿ, ಇಷ್ಟನ್ನೂ ರಿಜಿಸ್ಟ್ರಾರಿಗೆ ಕಳುಹಿಸಿದೆವು. ಅವರು ಪರಿಶೀಲಿಸಿ ಇಮೇಲ್ ಬದಲಿಸಿದರು. ಅಸಲು ಕೆಲಸ ಮುಗಿದದ್ದು ಅಲ್ಲಿಗೇ.

ಇಮೇಲ್ ಬದಲಾದರೆ 60 ದಿನ ವರ್ಗಾವಣೆಗೆ ಬೀಗ ಬೀಳಬಹುದು. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗೆ ವರ್ಗಾವಣೆಯಾದ ಡೊಮೇನಿಗೂ ಅದೇ ಅವಧಿ. ಬೀಳಲಿ ಬಿಡಿ. ಖಾತೆ ಕೈಗೆ ಬಂದರೆ ನೇಮ್‌ಸರ್ವರನ್ನು ಆ ದಿನವೇ ಬದಲಿಸಿ ಸೈಟನ್ನು ಹೊಸ ಹೋಸ್ಟಿಂಗಿಗೆ ತಿರುಗಿಸಬಹುದು. ಅದಕ್ಕೆ ರಿಜಿಸ್ಟ್ರಾರ್ ಬದಲಾಯಿಸಲೇಬೇಕೆಂದಿಲ್ಲ.

ಆದರೆ ತಿರುಗಿಸುವ ಮುಂಚೆ ಹಳೆಯ ಡಿಎನ್‌ಎಸ್ ದಾಖಲೆಗಳನ್ನು, ಅಂದರೆ ಸೈಟು, ಮೇಲ್ ಎಲ್ಲಿವೆ ಎಂದು ನೇಮ್‌ಸರ್ವರ್ ಹೇಳುವ ಸಾಲುಗಳನ್ನು, ಒಂದೊಂದಾಗಿ ಬರೆದಿಟ್ಟುಕೊಳ್ಳಿ. ಸೈಟಿನ ವಿಳಾಸ ಹೇಳುವ ಎ ದಾಖಲೆ ಎಲ್ಲರಿಗೂ ನೆನಪಿರುತ್ತದೆ. ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಮರೆತರೆ ಸೈಟು ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ಬುಕಿಂಗಿನ ಮೇಲ್‌ಗಳು ಮಾತ್ರ ಬರುವುದಿಲ್ಲ. ಜೋಗದ ಕಡೆಯವರು ಜುಲೈನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಜಲಪಾತ ತುಂಬಿ ಹರಿಯುವಾಗಲೇ ಅವರ ಕೊಠಡಿಗಳೂ ತುಂಬುವುದು. ಹಳೆಯ ಸರ್ವರಿನಲ್ಲಿರುವ ಫೋಟೊ, ಬರಹ, ಮೇಲ್‌ಗಳನ್ನು ಇಳಿಸಿಕೊಳ್ಳಬೇಕಾದದ್ದು ಜಗಳ ಶುರುವಾಗುವ ಮೊದಲು.

ಅವಧಿ ಹತ್ತಿರವಾಗಿದ್ದರೆ ವರ್ಗಾವಣೆಗಿಂತ ಮೊದಲು ನವೀಕರಣ ಮಾಡಿಸಿ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ನವೀಕರಿಸಲು ಹೆಚ್ಚೆಂದರೆ 45 ದಿನಗಳ ಕಾಲಾವಕಾಶ ಇರುತ್ತದೆ, ಅದೂ ರಿಜಿಸ್ಟ್ರಾರನ್ನು ಅವಲಂಬಿಸಿ. ಅಳಿಸಿದ ಬಳಿಕ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಯಾರೂ ಬಿಡಿಸಿಕೊಳ್ಳಲಾಗದ 5 ದಿನ. ಆಮೇಲೆ ಮೊದಲು ಕೊಂಡವನಿಗೆ.

ನೋಂದಣಿದಾರ ಹೋಸ್ಟಿಂಗಿನವನೇ ಆಗಿದ್ದರೆ ದಾರಿ ಕಡಿದು. ಆಗ ಆಥ್ ಕೋಡ್ ಕೇಳುವ ಹಕ್ಕೂ ಅವನದೇ. ಡಾಟ್ ಕಾಮ್‌ಗೆ ಯುಡಿಆರ್‌ಪಿ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆ ವ್ಯವಸ್ಥೆಗಳಿವೆ. ಯುಡಿಆರ್‌ಪಿಯಲ್ಲಿ ನಿಮಗೆ ಟ್ರೇಡ್‌ಮಾರ್ಕ್ ಹಕ್ಕು ಇರಬೇಕು, ಎದುರಿನವನ ದುರುದ್ದೇಶವನ್ನೂ ಸಾಬೀತುಪಡಿಸಬೇಕು. ಇಂಥ ದೂರು ಕೇಳುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದಲ್ಲಿ ಒಬ್ಬರೇ ಮಧ್ಯಸ್ಥರ ಮುಂದೆ ಹೋದರೂ ಶುಲ್ಕ 1,500 ಡಾಲರ್. ನಾಲ್ಕು ಕೋಣೆಯ ಹೋಂಸ್ಟೇಗೆ ಇದು ಗಿಟ್ಟುವ ಬಾಬತ್ತಲ್ಲ. ವಕೀಲರ ನೋಟಿಸಿಗೂ ಜಗ್ಗದಿದ್ದರೆ ಹೊಸ ಡೊಮೇನ್ ಕೊಂಡು ಬೋರ್ಡು, ಗೂಗಲ್ ನಕ್ಷೆ, ವಿಸಿಟಿಂಗ್ ಕಾರ್ಡುಗಳನ್ನು ಬದಲಿಸಿಕೊಳ್ಳಿ ಎಂದೇ ನಾನು ಹೇಳುವುದು. ಕೆಲವರು ಒಪ್ಪುವುದಿಲ್ಲ, ಹಟಕ್ಕೆ ಬಿದ್ದು ಖರ್ಚು ಮಾಡುತ್ತಾರೆ.

ಡೊಮೇನ್ ಕೈಗೆ ಬಂದ ಮೇಲೆ ದಾಖಲೆಯಲ್ಲಿ ನಿಮ್ಮದೇ ಇಮೇಲ್ ಹಾಕಿ, ಆದರೆ ಅದೇ ಡೊಮೇನಿನ ಮೇಲಿರುವ ಇಮೇಲ್ ಬೇಡ. ಡೊಮೇನ್ ಕೆಟ್ಟು ನಿಂತ ದಿನ ಕೋಡ್ ಬರಬೇಕಾದ ಇಮೇಲೂ ಕೆಟ್ಟಿರುತ್ತದೆ. ಹೊಸ ವೆಬ್‌ಸೈಟಿನವರಿಗೆ ಡಿಎನ್‌ಎಸ್ ತಿದ್ದುವಷ್ಟು ಅನುಮತಿ ಕೊಟ್ಟರೆ ಸಾಕು. ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ.